ಒಂದು ಗೇಣು ಸಡಿಲ

ಕುವೈತಿನಲ್ಲೂ ಗುಡ್ಡ ಇದೆ ಎಂದರೆ ನಮ್ಮ ಕಿನ್ನಿಗೋಳಿಯಲ್ಲಿ ಯಾರೂ ನಂಬುವುದಿಲ್ಲ. ಜಹ್ರಾ ಪಟ್ಟಣ ದಾಟಿ ಉತ್ತರಕ್ಕೆ ಹೋದರೆ ರಸ್ತೆ ನಿಧಾನಕ್ಕೆ ಏರತೊಡಗುತ್ತದೆ. ಆ ಏರಿಗೆ ಮುತ್ಲಾ ಎಂದು ಹೆಸರು. ನಮ್ಮ ಕಡೆಯವರು ನೋಡಿದರೆ ಅದನ್ನು ಗುಡ್ಡ ಎನ್ನಲಿಕ್ಕೂ ಹಿಂಜರಿದಾರು. ಅಷ್ಟು ಎತ್ತರದಲ್ಲಿ ನಮ್ಮಲ್ಲಿ ಶಾಲೆಯ ಆಟದ ಮೈದಾನ ಇರುತ್ತದೆ. ಆದರೆ ಹಲಗೆಯ ಹಾಗೆ ಚಪ್ಪಟೆಯಾದ ಆ ದೇಶದಲ್ಲಿ ಅದೇ ದೊಡ್ಡ ಎತ್ತರ. ಚಳಿಗಾಲ ಬಂತೆಂದರೆ ಜನ ಸಂಸಾರ ಸಮೇತ ಅದರ ಬುಡಕ್ಕೆ ಬಂದು ಡೇರೆ ಹಾಕುತ್ತಾರೆ.

ಆಗ ಜಹ್ರಾ ಪಟ್ಟಣದ ಬದುಕೆಲ್ಲ ಆ ಡೇರೆಗಳ ಸುತ್ತಲೇ. ರಸ್ತೆ ಬದಿಯಲ್ಲಿ ಸೌದೆಯ ರಾಶಿ, ಇದ್ದಿಲಿನ ಚೀಲ, ಬಾಡಿಗೆಗೆ ಕೊಡುವ ನಾಲ್ಕು ಚಕ್ರದ ಬೈಕು, ಜನರೇಟರ್ ರಿಪೇರಿಯ ಅಂಗಡಿ, ನೀರಿನ ಟ್ಯಾಂಕರುಗಳ ಸಾಲು. ಮಳೆ ಚೆನ್ನಾಗಿ ಬಿದ್ದ ವರ್ಷ ಮರಳಿನ ಮೇಲೆ ತೆಳ್ಳಗೆ ಹುಲ್ಲು ಚಿಗುರುತ್ತಿತ್ತು. ಗಂಡಸರು ಗಿಡುಗ ಹಾರಿಸುತ್ತಿದ್ದರು. ಮಕ್ಕಳು ಇಳಿಜಾರಿನಲ್ಲಿ ರಟ್ಟಿನ ಮೇಲೆ ಕೂತು ಜಾರುತ್ತಿದ್ದರು. ಕೊಲ್ಲಿ ಯುದ್ಧದ ಕಾಲದ ಮದ್ದುಗುಂಡು ಅಲ್ಲಲ್ಲಿ ಮಣ್ಣಿನಡಿ ಉಳಿದಿದ್ದ ಕಾಲ ಅದು. ಹಳೆಯ ಚಕ್ರದ ಗುರುತು ಬಿಟ್ಟು ಗಾಡಿ ಇಳಿಸಬಾರದೆಂದು ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು, ಆದರೂ ಬರುವವರು ಬರುತ್ತಲೇ ಇದ್ದರು.

ಆ ಗುಡ್ಡದಲ್ಲಿ ನಾನು ಮಾಡಿದ ಕೆಲಸದ ಕುರಿತು ಬರೆಯುತ್ತೇನೆ. ಮಾಡದೆ ಬಿಟ್ಟ ಒಂದು ಕೆಲಸದ ಕುರಿತೂ.

ನನಗೆ ವೀಸಾ ಕೊಟ್ಟ ಕಫೀಲರನ್ನು, ಅಂದರೆ ಯಜಮಾನರನ್ನು, ನಾವು ಬಾಬಾ ಎಂದು ಕರೆಯುತ್ತಿದ್ದೆವು. ಜಹ್ರಾದಲ್ಲಿ ಅವರಿಗೆ ಡೇರೆ ಬಾಡಿಗೆಯ ವ್ಯಾಪಾರ. ಬೇಸಿಗೆಯಿಡೀ ನನ್ನ ಕೆಲಸ ತಗಡಿನ ಗೋದಾಮಿನಲ್ಲಿ: ಡೇರೆಯ ಬಟ್ಟೆ ಒಗೆಯುವುದು, ಹರಿದಲ್ಲಿ ತೇಪೆ ಹಾಕುವುದು, ಮಡಚಿ ಅಟ್ಟಿ ಇಡುವುದು. ಒಳಗೆ ಉಸಿರೆಳೆದರೆ ಮೂಗು ಸುಡುವಂಥ ಸೆಕೆ. ಚಳಿಗಾಲದಲ್ಲಿ ಮಾತ್ರ ನನಗೆ ಗುಡ್ಡ. ಅದರ ಬುಡದಲ್ಲಿ ಬಾಬಾರ ಕ್ಯಾಂಪು ಇತ್ತು. ಒಂದು ದೊಡ್ಡ ಡೇರೆ, ಸುತ್ತ ಕೆಲವು ಸಣ್ಣವು, ಅಡುಗೆಗೊಂದು ತಗಡಿನ ಕೋಣೆ. ವಾರದ ರಜೆಯಲ್ಲಿ ಸಾಲ್ಮಿಯಾ, ಫಿಂಟಾಸ್ ಕಡೆಯ ಕುಟುಂಬಗಳು ಬಾಡಿಗೆಗೆ ಬರುತ್ತಿದ್ದವು; ಉಳಿದ ದಿನ ಬಾಬಾರ ಮನೆಯವರೇ ಇರುತ್ತಿದ್ದರು. ಅಲ್ಲಿಯ ಉಸ್ತುವಾರಿ ನನ್ನದು. ಬೆಳಿಗ್ಗೆ ಹಾಲು ಹಾಕದ ಚಹಾ ಹಿಡಿದು ಸ್ವಲ್ಪ ಮೇಲಕ್ಕೆ ಹತ್ತಿ ನಿಂತರೆ ದೂರದಲ್ಲಿ ಕೊಲ್ಲಿಯ ನೀರು ಮಂಜಿನೊಳಗೆ ಬೆಳ್ಳಗೆ ಕಾಣುತ್ತಿತ್ತು. ತಣ್ಣನೆಯ ಗಾಳಿ ಕಿವಿಗೆ ಬಡಿಯುತ್ತಿತ್ತು. ನನ್ನದೆನ್ನುವಂಥದು ಆ ದೇಶದಲ್ಲಿ ಏನಾದರೂ ಇದ್ದರೆ ಅದು ಆ ಹೊತ್ತು.

ದೊಡ್ಡ ಡೇರೆ ಎಬ್ಬಿಸಲಿಕ್ಕೆ ಒಂದು ಕ್ರಮ ಇದೆ. ಮೊದಲು ನೆಲ ಗುಡಿಸಿ ಕಲ್ಲು ಹೆಕ್ಕಬೇಕು. ಬಾಗಿಲು ಉತ್ತರಕ್ಕೆ ಇರಬಾರದು. ಶಮಾಲ್ ಎಂಬ ಒಣ ಗಾಳಿ ಆ ಕಡೆಯಿಂದ ಬೀಸುತ್ತದೆ. ಬಟ್ಟೆಯನ್ನು ಬಿಡಿಸಿ ಹಾಸಿ, ಸುತ್ತಲಿನ ಹಗ್ಗಗಳನ್ನು ಹೊರಕ್ಕೆ ಎಳೆದು, ಮೂಲೆಯವನ್ನು ಮೊದಲು ಅರ್ಧ ಬಿಗಿದು, ಆಮೇಲೆ ನಡುಗಂಬವನ್ನು ಒಳಗೆ ಒಯ್ದು ಎತ್ತಬೇಕು. ನಮ್ಮ ನಡುಗಂಬ ಎರಡು ತುಂಡಿನದು, ನಡುವೆ ಕಬ್ಬಿಣದ ಕೊಳವೆಯಲ್ಲಿ ಕೂಡಿಸಿದ್ದು. ಪ್ರತಿ ಹಗ್ಗಕ್ಕೂ ಎರಡು ತೂತಿನ ಒಂದು ಮರದ ತುಂಡು ಇರುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ ಹಗ್ಗ ಬಿಗಿಯಾಗುತ್ತದೆ, ಕೆಳಕ್ಕೆ ಸರಿಸಿದರೆ ಸಡಿಲ.

ಹಗ್ಗ ಹತ್ತಿಯದು. ಒಣಗಿದ್ದಾಗ ಹೇಳಿದ ಹಾಗೆ ಕೇಳುತ್ತದೆ. ನೀರು ಕುಡಿದರೆ ಮಾತ್ರ ದಪ್ಪವಾಗಿ ಗಿಡ್ಡವಾಗುತ್ತದೆ. ಮಳೆಯೇ ಬರಬೇಕೆಂದಿಲ್ಲ, ಚಳಿಗಾಲದ ಇಬ್ಬನಿಗೇ ಗೂಟ ಕಿತ್ತು ಬರುವಷ್ಟು ಎಳೆಯುತ್ತದೆ. ಅದಕ್ಕಾಗಿ ಸೂರ್ಯ ಮುಳುಗುವ ಹೊತ್ತಿಗೆ ಡೇರೆಗೆ ಒಂದು ಸುತ್ತು ಬಂದು ಎಲ್ಲ ಹಗ್ಗ ಸಡಿಲಿಸಬೇಕು, ಬೆಳಿಗ್ಗೆ ಬಿಸಿಲೇರಿದ ಮೇಲೆ ಮತ್ತೆ ಬಿಗಿಯಬೇಕು. ಸಡಿಲ ಎಷ್ಟು ಎಂದರೆ, ಹಗ್ಗದ ನಡುವೆ ಅಂಗೈ ಇಟ್ಟು ಒತ್ತಿದಾಗ ಒಂದು ಗೇಣು ತಗ್ಗಬೇಕು. ಇದನ್ನು ನನಗೆ ಕಲಿಸಿದವನು ನನಗಿಂತ ಮುಂಚೆ ಆ ಕ್ಯಾಂಪಿನಲ್ಲಿದ್ದ ಒಬ್ಬ ಪಠಾಣ ಮುದುಕ. ಅವನ ಮಾತು ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಹಾಗಾಗಿ ಊರಿಗೆ ಹೊರಡುವ ಮುನ್ನ ಅವನು ನನ್ನ ಕೈ ಹಿಡಿದು ಹಗ್ಗದ ಮೇಲಿಟ್ಟು, ತನ್ನ ಕೈಯಿಂದ ಒತ್ತಿ ತೋರಿಸಿದ. ಅಷ್ಟೇ ಪಾಠ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಬಾಬಾ ಹೊಸಬನೊಬ್ಬನನ್ನು ಕರೆತಂದರು. ಉಳ್ಳಾಲದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ಊರಲ್ಲಿ ಮೀನಿನ ಬೋಟಿನಲ್ಲಿ ದುಡಿದವನು. ಅಂಗೈ ಮರದ ಹಲಗೆಯಂತಿತ್ತು. ನಾವಿಬ್ಬರೂ ತುಳುವಿನಲ್ಲೋ ಕನ್ನಡದಲ್ಲೋ ಬಾಯಿಗೆ ಬಂದುದರಲ್ಲಿ ಮಾತಾಡುತ್ತಿದ್ದೆವು. ಕ್ರೈಸ್ತರನ್ನು ನಮ್ಮ ಕಡೆ ಕರೆಯುವ ಹಾಗೆ ಅವನು ನನ್ನನ್ನು ಪರ್ಬುಗಳೇ ಎನ್ನುತ್ತಿದ್ದ. ನಾನು ಅವನನ್ನು ಬ್ಯಾರಿ ಎನ್ನುತ್ತಿದ್ದೆ.

“ಪರ್ಬುಗಳದ್ದು ಯಾವ ಊರು?” ಎಂದು ಬಂದ ದಿನವೇ ಕೇಳಿದ.

“ಕಿನ್ನಿಗೋಳಿ.”

“ಹಾಗಾದ್ರೆ ನೆರೆಕರೆಯವ್ರೇ ಆಯ್ತಲ್ಲ ಮಾರಾಯ್ರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಲ್ಲಿ ಒಂದು ಬಸ್ಸು ಬದಲಾಯಿಸಿದ್ರೆ ನಿಮ್ಮ ಮನೆ.”

ನನಗೆ ಅವನ ಮೇಲೆ ಆಗ ಏನೂ ಇರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಹಗಲು ಹೊತ್ತು ಜೋರಾಗಿ ಶಮಾಲ್ ಬೀಸಿ ದೊಡ್ಡ ಡೇರೆಯ ಮೂರು ಗೂಟ ಕಿತ್ತವು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಕಿತ್ತರೆ ಮತ್ತೆ ಹೊಡೆಯುವುದು, ಅಲ್ಲಿಗೆ ನನ್ನ ವಿದ್ಯೆ ಮುಗಿಯುತ್ತಿತ್ತು. ಅವನು ಗೂಟವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಇದು ಗೂಟ ಹೊಡೆಯುವ ನೆಲ ಅಲ್ಲ ಪರ್ಬುಗಳೇ. ಲಂಗರು ಹಾಕುವ ನೆಲ.”

ಅಂದೇ ಗುದ್ದಲಿ ಹಿಡಿದ. ಸೈನ್ಯದವರು ಪರಿಶೀಲಿಸಿ ಬಿಟ್ಟುಕೊಟ್ಟ ಜಾಗ ಅದು, ಅಗೆಯಲಿಕ್ಕೆ ಹೆದರಬೇಕಿರಲಿಲ್ಲ. ಪ್ರತಿ ಗೂಟದ ಜಾಗದಲ್ಲೂ ಸೊಂಟದಾಳದ ಗುಂಡಿ ತೋಡಿ, ಗೋಣಿಯಲ್ಲಿ ಮರಳು ತುಂಬಿ, ಅದರ ನಡುವಿಗೆ ಹಗ್ಗದ ಕುಣಿಕೆ ಬಿಗಿದು, ಗುಂಡಿಯಲ್ಲಿ ಅಡ್ಡ ಮಲಗಿಸಿ ಮಣ್ಣು ಮುಚ್ಚಿ ತುಳಿದ. ಸಂಜೆ ಬಾಬಾ ಬಂದು ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದು ಮೂವರೂ ಒಂದು ಹಗ್ಗ ಹಿಡಿದು ಹಿಂದಕ್ಕೆ ವಾಲಿದರು. ಗೋಣಿ ಮಿಸುಕಲಿಲ್ಲ. ಬಾಬಾ ಅವನ ಬೆನ್ನಿಗೆ ಬಡಿದು “ಶಾತಿರ್” ಎಂದರು. ಜಾಣ ಎಂದು ಅರ್ಥ. ಅಷ್ಟು ಚಳಿಗಾಲಗಳಲ್ಲಿ ಆ ಪದ ನನ್ನ ಕಡೆಗೆ ಒಮ್ಮೆಯೂ ಬಂದಿರಲಿಲ್ಲ.

ಅಂದಿನಿಂದ ನಾನು ಲೆಕ್ಕ ಇಡತೊಡಗಿದೆ. ಬಾಬಾ ನನ್ನನ್ನು ಅಷ್ಟೂ ವರ್ಷ ಕರೆದದ್ದು ಸದೀಕ್ ಎಂದು. ಗೆಳೆಯ ಎಂದೇನೋ ಹೌದು, ಆದರೆ ಹೆಸರು ನೆನಪಿಡುವ ಅಗತ್ಯ ಇಲ್ಲದವರನ್ನೆಲ್ಲ ಅಲ್ಲಿ ಹಾಗೆಯೇ ಕರೆಯುತ್ತಾರೆ. ಅವನನ್ನು ಎರಡನೆಯ ವಾರವೇ ಹೆಸರು ಹಿಡಿದು ಕರೆದರು. ಬಾಬಾರ ವಯಸ್ಸಾದ ತಾಯಿಯನ್ನು ನಾವೆಲ್ಲ ಉಮ್ಮಾ ಎನ್ನುತ್ತಿದ್ದೆವು. ಕೆಂಡದ ಬೂದಿಯಲ್ಲಿ ಹೂತು ಅವರು ದಪ್ಪ ರೊಟ್ಟಿ ಸುಡುತ್ತಿದ್ದರು. ಬೂದಿ ಕೊಡವಿ ಮುರಿದ ಮೊದಲ ತುಂಡನ್ನು ಪ್ರತಿ ಚಳಿಗಾಲ ನನಗೇ ಕೊಡುತ್ತಿದ್ದರು. ಈಗ ಅದು ಅವನ ಕೈಗೆ ಹೋಯಿತು. ಅವನು ಅದನ್ನು ಮತ್ತೆ ಎರಡಾಗಿ ಮುರಿದು ಅರ್ಧ ನನಗೆ ಚಾಚುತ್ತಿದ್ದ. ಆ ಅರ್ಧ ರೊಟ್ಟಿಯನ್ನು ನಾನು ಹೇಗೆ ನುಂಗುತ್ತಿದ್ದೆ ಎಂದು ನನಗೇ ಗೊತ್ತು.

ನಮಾಜಿನ ಹೊತ್ತಿಗೆ ಅವನು ಬಾಬಾರ ಭುಜಕ್ಕೆ ಭುಜ ತಾಗಿಸಿ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ. ನಾನು ಒಲೆಯ ಹತ್ತಿರ ಚಹಾ ಉಕ್ಕದಂತೆ ಕಾಯುತ್ತ ಅವರ ಬೆನ್ನು ನೋಡುತ್ತಿದ್ದೆ. ಅವರದವರು ಅವರಿಗೆ, ಅದಕ್ಕೇ ಇದೆಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವನ ಹಿಂದಿನ ಪಠಾಣನೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ, ಆಗ ನನ್ನ ಹೊಟ್ಟೆ ಉರಿದಿರಲಿಲ್ಲ. ಕೆಲಸದಲ್ಲಿ ನನಗಿಂತ ಮೇಲಿನವನೊಬ್ಬ ಬಂದಿದ್ದ, ನನಗೆ ಅದನ್ನು ಬೇರೆ ಯಾವುದಾದರೂ ಹೆಸರಿನಿಂದ ಕರೆಯಬೇಕಾಗಿತ್ತು.

ಸಂಜೆ ನಾನು ಹಗ್ಗ ಸಡಿಲಿಸಲು ಸುತ್ತು ಹೋಗುವಾಗ ಅವನು ಜನರೇಟರ್ ಹೊತ್ತಿಸಿ ದೀಪ ಹಾಕುವುದರಲ್ಲಿ ಇರುತ್ತಿದ್ದ. ಒಂದು ದಿನ ಕೇಳಿದ.

“ದಿನಾ ಎಂತ ನೋಡ್ತೀರಿ ಆ ಹಗ್ಗದಲ್ಲಿ?”

“ಇಲಿ ಕಚ್ಚಿದೆಯಾ ಅಂತ.”

“ಇಲ್ಲಿ ಇಲಿ ಉಂಟಾ?”

“ಉಂಟು.”

ಯಾಕೆ ಹಾಗೆ ಹೇಳಿದೆ ಎಂದು ಆ ಕ್ಷಣದಲ್ಲಿ ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಹತ್ತಿರ ಉಳಿದಿದೆ ಎಂದು ಆಮೇಲೆ ಹೊಳೆಯಿತು. ಬೆಲೆಬಾಳುವ ವಸ್ತುವನ್ನು ಬಚ್ಚಿಟ್ಟವನಂತೆ ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಸ್ವಲ್ಪ ದಿನದಲ್ಲೇ ಬಾಬಾ ನಮ್ಮಿಬ್ಬರನ್ನೂ ಕೂರಿಸಿ, ತಮ್ಮ ಅರಬಿ ಬೆರೆತ ಹಿಂದಿಯಲ್ಲಿ, ಇನ್ನು ಮುಂದೆ ದೊಡ್ಡ ಡೇರೆ ಪೂರ್ತಿ ಉಳ್ಳಾಲದವನ ಜವಾಬ್ದಾರಿ ಎಂದರು. ನಾನು ಸಣ್ಣ ಡೇರೆಗಳನ್ನೂ ಪಿಕಪ್ಪನ್ನೂ ನೋಡಿಕೊಳ್ಳಬೇಕು. ಮುಂದಿನ ಚಳಿಗಾಲಕ್ಕೆ ಗುಡ್ಡದಲ್ಲಿ ಒಬ್ಬನೇ ಸಾಕು, ಇನ್ನೊಬ್ಬ ವರ್ಷವಿಡೀ ಗೋದಾಮಿನಲ್ಲಿ ಇರಲಿ ಎಂದೂ ಹೇಳಿದರು. ಯಾರು ಎಲ್ಲಿ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಂದು ಸಂಜೆ ಸಣ್ಣ ಡೇರೆಗಳ ಹಗ್ಗ ಮಾತ್ರ ಸಡಿಲಿಸಿದೆ. ದೊಡ್ಡದರ ಹತ್ತಿರ ಹೋಗಲಿಲ್ಲ. ಅದು ನನ್ನದಲ್ಲವಲ್ಲ. ಆ ವಾರ ಒಣ ಗಾಳಿ, ಇಬ್ಬನಿ ಬೀಳಲೇ ಇಲ್ಲ. ಬೆಳಿಗ್ಗೆ ಎದ್ದವನೇ ಮೊದಲು ದೊಡ್ಡ ಡೇರೆಯ ಕಡೆ ನೋಡುತ್ತಿದ್ದೆ. ಅದು ಕೆತ್ತಿಟ್ಟ ಹಾಗೆ ನಿಂತಿರುತ್ತಿತ್ತು. ಪ್ರಾರ್ಥನೆಯಲ್ಲಿ ಇಬ್ಬನಿ ಕೇಳಿದವನು ನಾನೊಬ್ಬನೇ ಇರಬೇಕು.

ಆ ಶುಕ್ರವಾರ ಸಾಲ್ಮಿಯಾದ ಕೊಂಕಣಿ ಕ್ರೈಸ್ತ ಕುಟುಂಬಗಳ ಪಿಕ್ನಿಕ್. ಪ್ರತಿ ವರ್ಷ ನಮ್ಮ ಕ್ಯಾಂಪಿಗೇ ಬರುವವರು, ನನ್ನ ಜನ. ಮುಂದಾಳತ್ವ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಬಾಯಿಯದು; ನಮ್ಮವರು ಹಿರಿಯ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಅವರು ನಮ್ಮ ಪಕ್ಕದ ಇಗರ್ಜಿಯ, ಅಂದರೆ ಚರ್ಚಿನ, ಊರಿನವರು. ಇಡ್ಲಿಯಂಥ ಸಣ್ಣಾ, ಕೋಳಿ ಸುಕ್ಕ, ಕೇಕು ಎಲ್ಲ ಕಟ್ಟಿಕೊಂಡು ಬಂದಿದ್ದರು. ಹಿರಿಯರು ನಂಬರು ಕೂಗಿ ಆಡುವ ಹೌಸಿ ಆಟಕ್ಕೆ ಚೀಟಿ ಹಂಚುತ್ತಿದ್ದರು, ಇಂಗ್ಲಿಷಿನಲ್ಲಿ ಕೂಗಾಡುವ ಮಕ್ಕಳು ರಟ್ಟು ಹಿಡಿದು ಇಳಿಜಾರಿಗೆ ಓಡಿದರು. ಬಾಯಿ ದೊಡ್ಡ ಡೇರೆಯೊಳಗೆ ನಿಂತು ಮೇಲೆ ನೋಡಿದರು. ಗೋಡೆಯ ಬಟ್ಟೆಯನ್ನು ಬೆರಳಿನಿಂದ ತಟ್ಟಿದರು.

“ಹೋದ ವರ್ಷ ನಿಮ್ಮ ಡೇರೆ ಇಡೀ ದಿನ ಪಟಪಟ ಅಂತಿತ್ತು. ಒಂದು ನಂಬರ್ ಕೇಳಲಿಲ್ಲ. ಈ ಸಲ ಇಗರ್ಜಿಯ ದೊಡ್ಡ ಹಾಲ್ ಹಾಗೆ ಉಂಟು ನೋಡಿ. ಯಾರು ಕಟ್ಟಿದ್ದು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳ್ಳಾಲದವನು ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಮೊದಲ ತಟ್ಟೆ ಬಡಿಸಿದರು. ಅವನು ನನಗೊಂದು ತಟ್ಟೆ ತಂದುಕೊಟ್ಟ.

ಊಟ ಮುಗಿದು ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿತು. ಉತ್ತರದ ಒಣ ಗಾಳಿ ನಿಂತು ಸಮುದ್ರದ ಕಡೆಯಿಂದ ಹಸಿ ಗಾಳಿ ಬರತೊಡಗಿತು. ಗುಡ್ಡದ ನೆತ್ತಿಯ ಮೇಲೆ ಕಪ್ಪು ಮೋಡ ಕೂತಿತು. ಸಂಜೆಯ ಸುಟ್ಟ ಮಾಂಸಕ್ಕೆ ಇದ್ದಿಲು ಸಾಲದು, ಜಹ್ರಾಕ್ಕೆ ಹೋಗಿ ತರುತ್ತೀರಾ ಎಂದು ಬಾಯಿ ಕೇಳಿದರು. ನಾನು ಪಿಕಪ್ ಹತ್ತಿದೆ.

ಗಾಡಿ ತಿರುಗಿಸುವಾಗ ಅವನನ್ನು ಕಂಡೆ. ಡೇರೆಯ ಸುತ್ತ ಒಂದೊಂದೇ ಹಗ್ಗದ ಮರದ ತುಂಡನ್ನು ಮೇಲಕ್ಕೆ ತಳ್ಳುತ್ತ ಬರುತ್ತಿದ್ದ. ಬಿಗಿಯುತ್ತಿದ್ದ. ಬೋಟಿನಲ್ಲಿ ಅವರದು ನೈಲಾನ್ ಹಗ್ಗ. ಅದು ಒದ್ದೆಯಾದರೆ ಉದ್ದವಾಗುತ್ತದೆ. ಮೋಡ ಕಂಡರೆ ಮೊದಲು ಬಿಗಿ ಮಾಡುವುದೇ ಬೋಟಿನವರ ಪದ್ಧತಿ ಎಂದು ಅವನೇ ನನಗೆ ಹಿಂದೊಮ್ಮೆ ಹೇಳಿದ್ದ. ನಾನು ಗಾಡಿ ನಿಲ್ಲಿಸಿದೆ. ಅವನು ಬೆವರು ಒರೆಸಿಕೊಂಡು ಹತ್ತಿರ ಬಂದ.

“ಮೋಡ ನೋಡಿದ್ರಾ? ಎಲ್ಲ ಬಿಗಿ ಮಾಡಿ ಇಡ್ತೇನೆ. ನೀವು ಹೋಗಿ ಬನ್ನಿ, ತೊಂದ್ರೆ ಇಲ್ಲ.”

“ಆಯ್ತು” ಎಂದೆ.

ಆಮೇಲೆ ಕಿಟಕಿಯ ಗಾಜು ಏರಿಸಿದೆ. ನನ್ನ ಬದುಕಿನಲ್ಲಿ ಬೇರೆ ಪಾಪಗಳೂ ಇವೆ, ಆದರೆ ಈಗಲೂ ಕಣ್ಣು ಮುಚ್ಚಿದರೆ ಆ ಗಾಜು ಏರಿಸುವ ಹಿಡಿಕೆ ನನ್ನ ಕೈಯಲ್ಲಿ ತಿರುಗುತ್ತದೆ.

ಜಹ್ರಾದಲ್ಲಿ ಇದ್ದಿಲು ಕೊಂಡು, ಚೀಲಗಳನ್ನು ಪಿಕಪ್ಪಿನ ಹಿಂದೆ ಪೇರಿಸಿ, ನಮ್ಮದೇ ಡೇರೆಯ ಹಳೆ ಹಗ್ಗದಿಂದ ಕಟ್ಟಿದೆ. ಹನಿ ಶುರುವಾಯಿತು. ಎದುರಿಗೇ ಮಲಯಾಳಿಯ ಚಹಾ ಅಂಗಡಿ. ಒಳಗೆ ಹೋಗಿ ಕೂತೆ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹಗ್ಗ ಎಳೆಯುತ್ತದೆ, ಗೂಟ ಒಂದೊಂದಾಗಿ ಕೀಳುತ್ತದೆ, ಡೇರೆ ಮೆಲ್ಲಗೆ ಒಂದು ಬದಿಗೆ ವಾಲಿ ಕುಸಿಯುತ್ತದೆ. ಹೌಸಿಯ ಚೀಟಿ ಒದ್ದೆಯಾಗುತ್ತದೆ. ಹೋದ ವರ್ಷದ ಪಟಪಟವೇ ಒಳ್ಳೆಯದಿತ್ತು ಎಂದು ಬಾಯಿ ಹೇಳುತ್ತಾರೆ. ಬಾಬಾ ಬಂದು ಅವನನ್ನು ಗದರುತ್ತಾರೆ, ನನ್ನ ಕಡೆ ತಿರುಗುತ್ತಾರೆ. ಯಾರಿಗೂ ಗಾಯವಾಗುವುದು ನನ್ನ ಚಿತ್ರದಲ್ಲಿ ಇರಲಿಲ್ಲ. ಚಹಾ ಬಿಸಿಯಾಗಿತ್ತು, ನಿಧಾನವಾಗಿ ಕುಡಿದೆ. ಇನ್ನೊಂದು ಹೇಳಿದೆ.

ಮಳೆ ಜೋರಾಯಿತು. ಪಿಕಪ್ಪಿನ ಹಿಂದೆ ಏನೋ ಸಿಡಿದ ಸದ್ದು. ಎದ್ದು ನೋಡಿದರೆ ಮೇಲಿನ ಚೀಲದ ಹೊಟ್ಟೆಗೆ ಹಗ್ಗ ಹುದುಗಿ, ಚೀಲ ಒಡೆದು, ಇದ್ದಿಲು ಗಾಡಿಯ ಅಂಚಿನಿಂದ ರಸ್ತೆಗೆ ಉದುರುತ್ತಿತ್ತು. ಹಗ್ಗ ಕಟ್ಟಿದ್ದ ಕಬ್ಬಿಣದ ಕೊಕ್ಕೆ ಎಲ್ಲಿ ಬಿಡುತ್ತದೆ? ಅದು ಬಿಡದ ಮೇಲೆ ನಡುವೆ ಇದ್ದದ್ದು ಒಡೆಯಲೇಬೇಕು.

ನನಗೆ ಅಲ್ಲಿ ನಿಂತಲ್ಲೇ ತಿಳಿಯಿತು. ಗೂಟ ಕಿತ್ತು ಬರುತ್ತದೆ ಎಂದು ನಾನು ಎಣಿಸಿದ್ದು ನನ್ನ ಡೇರೆಯ ಲೆಕ್ಕದಲ್ಲಿ. ಅವನ ಡೇರೆಯಲ್ಲಿ ಗೂಟ ಇಲ್ಲ. ಸೊಂಟದಾಳದಲ್ಲಿ ಮಲಗಿದ ಗೋಣಿ ಬಿಡುವುದಿಲ್ಲ. ಸುತ್ತಲಿನ ಹಗ್ಗಗಳೆಲ್ಲ ಕೆಳಕ್ಕೆ ಎಳೆಯುವ ಭಾರ ನಡುಗಂಬದ ಮೇಲೆ, ಆ ಕಬ್ಬಿಣದ ಕೊಳವೆಯ ಕೂಡಿಕೆಯ ಮೇಲೆ ಕೂರುತ್ತದೆ. ಮಳೆಯೆಂದು ಮಕ್ಕಳನ್ನೆಲ್ಲ ಕರೆದು ಆ ಕಂಬದ ಸುತ್ತಲೇ ಕೂರಿಸಿರುತ್ತಾರೆ.

ಚಹಾ ಅಲ್ಲೇ ಬಿಟ್ಟೆ. ಹೇಗೆ ಓಡಿಸಿದೆ ಎಂದು ನೆನಪಿಲ್ಲ. ಕ್ಯಾಂಪು ಮುಟ್ಟಿದಾಗ ಡೇರೆ ನಿಂತಿತ್ತು, ಆದರೆ ಅದರ ಆಕಾರ ಬದಲಾಗಿತ್ತು. ಬಟ್ಟೆ ಒಳಕ್ಕೆ ಹೀರಿಕೊಂಡು ಮೂಲೆಗಳು ಚೂಪಾಗಿದ್ದವು. ಹಗ್ಗ ಮುಟ್ಟಿದರೆ ಕಬ್ಬಿಣದ ಸರಳು ಮುಟ್ಟಿದ ಹಾಗೆ. ಮರದ ತುಂಡು ಉಬ್ಬಿ ಕಚ್ಚಿಕೊಂಡು ಕೆಳಕ್ಕೆ ಸರಿಯಲೇ ಇಲ್ಲ. ಗಾಡಿಯಿಂದ ಚೂರಿ ತಂದೆ. ಒಂದೇ ಬದಿಯಲ್ಲಿ ಕೊಯ್ದರೆ ಡೇರೆ ಇನ್ನೊಂದು ಬದಿಗೆ ಮಗುಚುತ್ತದೆ; ಈ ಕಡೆ ಒಂದು, ಓಡಿ ಹೋಗಿ ಅದರ ಎದುರಿನದು ಒಂದು, ಹಾಗೆ ಕೊಯ್ಯಬೇಕು. ಕೊಯ್ಯುತ್ತ, ಎಲ್ಲರೂ ಹೊರಗೆ ಬನ್ನಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಒಳಗೆ ಅವನಿಗೂ ತಿಳಿದಿತ್ತು. ಕೂಡಿಕೆ ಕಿರುಗುಟ್ಟಿದ್ದನ್ನು ಕೇಳಿ, ಕಂಬವನ್ನು ಎರಡೂ ತೋಳಿನಿಂದ ತಬ್ಬಿ ಭುಜ ಕೊಟ್ಟು ನಿಂತಿದ್ದ. ಮಕ್ಕಳು ಹೊರಗೆ ಬಂದರು, ಮುದುಕರು ಬಂದರು, ಕೊನೆಗೆ ಬಾಯಿ ಬಂದರು. ನಾನು ಇನ್ನೊಂದು ಹಗ್ಗಕ್ಕೆ ಚೂರಿ ಇಡುವಷ್ಟರಲ್ಲಿ ಒಳಗೆ ಕಂಬ ಮುರಿಯಿತು. ಬಟ್ಟೆ ನೆಲಕ್ಕೆ ಬಂತು. ನಾವು ಅದನ್ನು ಸೀಳಿ ಅವನನ್ನು ಎಳೆದು ತೆಗೆದೆವು. ಮೇಲಿನ ತುಂಡು ಅವನ ಬಲ ಭುಜದ ಮೇಲೆ ಬಿದ್ದಿತ್ತು.

ಆಸ್ಪತ್ರೆಗೆ ನಾನೇ ಪಿಕಪ್ಪಿನಲ್ಲಿ ಒಯ್ದೆ. ನಡುವೆ ಅವನು, ಆ ಬದಿಗೆ ಬಾಯಿ. ತಮ್ಮ ಶಾಲಿನಿಂದ ಅವನ ತೋಳನ್ನು ಎದೆಗೆ ಕಟ್ಟಿದ್ದರು. ದಾರಿಯಲ್ಲಿ ಅವನು ಹಲ್ಲು ಕಚ್ಚಿಕೊಂಡು ಹೇಳಿದ.

“ನೀವು ಬಂದದ್ದು ಒಳ್ಳೆದಾಯ್ತು ಪರ್ಬುಗಳೇ. ಎಂತಕ್ಕೆ ಅಷ್ಟು ಬಿಗಿ ಬಂತು, ನನಗೆ ಗೊತ್ತೇ ಆಗಲಿಲ್ಲ.”

ನಾನು ಮುಂದಿನ ಗಾಜಿನ ಮೇಲೆ ಓಡಾಡುತ್ತಿದ್ದ ವೈಪರನ್ನೇ ನೋಡಿದೆ.

ಮರುದಿನ ಬೆಳಿಗ್ಗೆ ಬಾಬಾ ಬಿದ್ದ ಡೇರೆಯ ಸುತ್ತ ನಡೆದು, ಮುರಿದ ಕಂಬವನ್ನು ಕಾಲಿನಿಂದ ಉರುಳಿಸಿ ನೋಡಿದರು. ಹಗ್ಗ ಬಿಗಿದದ್ದು ಯಾರು ಎಂದು ಕೇಳಿದರು. ಅವನು ಎಂದೆ. ಡೇರೆ ಯಾರ ಜವಾಬ್ದಾರಿ ಎಂದರು. ಅವನದು ಎಂದೆ. ಎರಡೂ ನಿಜ. ಬಾಬಾ ನನ್ನ ಮುಖ ನೋಡಿದರು. ಇನ್ನೇನಾದರೂ ಇದೆಯಾ ಎಂದು ಕೇಳಿದ ಹಾಗಿತ್ತು. ಆಗ ನಾನು ನಿಜ ಹೇಳಿದ್ದರೆ ಸಾಕಿತ್ತು. ಅವನು ಗೋದಾಮಿನಲ್ಲಾದರೂ ಉಳಿಯುತ್ತಿದ್ದ. ನನ್ನ ಕಣ್ಣು ಗುಡ್ಡದ ಕಡೆ ಹೋಯಿತು. ಮಳೆ ತೊಳೆದು ಅದು ಅಂದು ತುಂಬ ಹತ್ತಿರ ಕಾಣುತ್ತಿತ್ತು. ನಾನು ಏನೂ ಇಲ್ಲ ಎಂದು ತಲೆಯಾಡಿಸಿದೆ.

“ಖಲಾಸ್” ಎಂದರು ಬಾಬಾ. “ಇಸ್ಕೋ ಬಲದ್ ಭೇಜೋ.” ಮುಗಿಯಿತು, ಇವನನ್ನು ಊರಿಗೆ ಕಳಿಸು ಎಂದು.

ವಿಮಾನ ನಿಲ್ದಾಣಕ್ಕೂ ಅವನನ್ನು ನಾನೇ ಒಯ್ಯಬೇಕಾಯಿತು. ಬಲಗೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಇಳಿಯುವಾಗ ಹೇಳಿದ, “ಗೋಣಿಗಳನ್ನು ತೆಗೀಬೇಡಿ ಪರ್ಬುಗಳೇ. ಮಣ್ಣಲ್ಲೇ ಇರಲಿ. ಮುಂದಿನ ವರ್ಷಕ್ಕೂ ಆಗ್ತದೆ.”

ಮುಂದಿನ ವರ್ಷಕ್ಕೂ ಆಯಿತು. ಅದರ ಮುಂದಿನ ವರ್ಷ ಹೊಸ ಗೋಣಿ ಹೂತೆ, ಅವನು ಹೂತ ಹಾಗೆಯೇ. ಮುತ್ಲಾದಲ್ಲಿ ನಮ್ಮ ಡೇರೆಯಷ್ಟು ಗಟ್ಟಿಯದು ಬೇರೆ ಇಲ್ಲವೆಂದು ಬಾಬಾ ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ಸಲ ನನ್ನ ಬೆನ್ನಿಗೆ ಬಡಿದು “ಶಾತಿರ್” ಎಂದರು. ನಾನು ಅಷ್ಟು ಆಸೆಪಟ್ಟ ಆ ಪದ ಕೊನೆಗೂ ನನ್ನ ಪಾಲಿಗೆ ಬಂದದ್ದು ಅವನ ಗೋಣಿಯ ಮೇಲೆ. ರೊಟ್ಟಿಯ ಮೊದಲ ತುಂಡು ಮತ್ತೆ ನನಗೆ ಬಂತು. ಉಮ್ಮಾ ಅದನ್ನು ಕೊಡುವಾಗ ಕೆಲವು ಸಲ ನನ್ನ ಹಿಂದೆ ಯಾರನ್ನೋ ಹುಡುಕುವ ಹಾಗೆ ನೋಡುತ್ತಿದ್ದರು. ಪ್ರತಿ ಸಂಜೆ ಹಗ್ಗದ ಮೇಲೆ ಅಂಗೈ ಇಟ್ಟು ಒತ್ತುವಾಗ ಆ ಹಿಡಿಕೆ, ಆ ಗಾಜು. ಇಗರ್ಜಿಯಲ್ಲಿ ಪಾಪ ನಿವೇದನೆಗೆ ಕೂತಾಗ ಒಬ್ಬನ ಮೇಲೆ ಮತ್ಸರಪಟ್ಟೆ ಎಂದು ಒಂದೇ ಮಾತು ಹೇಳಿದೆ. ಪಾದ್ರಿಯವರು ಅದಕ್ಕೆ ತಕ್ಕಷ್ಟು ಪ್ರಾರ್ಥನೆ ಹೇಳಿಸಿದರು. ಕೇಳಿದ್ದರೆ ಪೂರ್ತಿ ಹೇಳುತ್ತಿದ್ದೆನೋ ಏನೋ, ಅವರು ಕೇಳಲಿಲ್ಲ.

ನಾನು ವಯಸ್ಸಾಗಿ ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೂ ಸ್ಟೇಟ್ ಬ್ಯಾಂಕಲ್ಲಿ ಬಸ್ಸು ಬದಲಾಯಿಸಲು ನನಗೆ ಎರಡು ವರ್ಷ ಹಿಡಿಯಿತು. ಉಳ್ಳಾಲದಲ್ಲಿ ಕೇಳುತ್ತ ಹೋದೆ. ಹೊಳೆ ಕಡಲು ಸೇರುವ ಅಳಿವೆಬಾಗಿಲಿನ ಕಡೆ, ಮನೆಯ ಮುಂದಿನ ಚಪ್ಪರದಲ್ಲಿ ಅವನು ಬಲೆ ಸರಿಮಾಡುತ್ತ ಕೂತಿದ್ದ. ಗಡ್ಡ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದು ಎದ್ದ. ಬಲಗೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ, ಅದರಿಂದಾಗಿ ಮತ್ತೆ ಬೋಟಿಗೆ ಹೋಗಲಿಕ್ಕಾಗಲಿಲ್ಲ ಎಂದು ಹವಾಮಾನದ ಸುದ್ದಿ ಹೇಳಿದಷ್ಟೇ ಸಹಜವಾಗಿ ಹೇಳಿದ. ಒಳಗಿನಿಂದ ಹೆಂಡತಿಯನ್ನು ಕರೆದ.

“ಬಾ ಇಲ್ಲಿ. ಕುವೈತಿನ ಪರ್ಬುಗಳು.”

ಆಕೆ ಬಾಗಿಲ ಬಳಿ ನಿಂತು ನನ್ನನ್ನು ನೋಡಿದಳು.

“ಹಗ್ಗ ಕೊಯ್ದು ಎಲ್ಲರ ಜೀವ ಉಳಿಸಿದವ್ರಾ? ಇವರು ನಿಮ್ಮದು ಹೇಳದ ದಿನ ಇಲ್ಲ. ಕೂತ್ಕೊಳ್ಳಿ, ಚಹಾ ತರ್ತೇನೆ.”

ಚಹಾ ಬಂತು, ಅಕ್ಕಿ ರೊಟ್ಟಿಯಂಥ ಪತ್ತಿರಿ ಬಂತು. ತಟ್ಟೆಯಲ್ಲಿ ಇದ್ದದ್ದನ್ನು ಅವನು ಮುರಿದು ದೊಡ್ಡ ಪಾಲು ನನ್ನ ಕಡೆ ಸರಿಸಿದ. ಅದನ್ನು ತಿಂದು ಎದ್ದು ಬಂದಿದ್ದರೆ ಆ ಮನೆಯಲ್ಲಿ ನಾನು ಸಾಯುವವರೆಗೂ ಒಳ್ಳೆಯವನಾಗಿ ಇರುತ್ತಿದ್ದೆ. ಮುಟ್ಟಲಿಲ್ಲ.

“ಬ್ಯಾರಿ, ಆ ದಿನ ನೀನು ಬಿಗಿಯುವಾಗ ನಾನು ನೋಡಿದ್ದೆ. ಮಳೆಗೆ ಹತ್ತಿ ಹಗ್ಗ ಗಿಡ್ಡ ಆಗ್ತದೆ, ಸಡಿಲ ಬಿಡ್ಬೇಕು. ನನಗೆ ಗೊತ್ತಿತ್ತು. ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ.”

ಬಲೆ ಹೆಣೆಯುವ ಸೂಜಿ ಅವನ ಕೈಯಲ್ಲಿ ನಿಂತಿತು. ಹೆಂಡತಿ ಬಾಗಿಲಿನಿಂದ ಒಳಗೆ ಹೋದಳು. ಅವನು ನೀರಿನ ಕಡೆ ತಿರುಗಿದ.

“ಹಾಗಾದ್ರೆ ಆ ಇಲಿ?” ಎಂದ.

“ಸುಳ್ಳು.”

ಹೋಗು ಎನ್ನುತ್ತಾನೆ ಎಂದು ಕಾದೆ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟು.

“ಎಷ್ಟು ಬಿಡ್ಬೇಕಿತ್ತು?”

ಅದು ಮಾತಿನಲ್ಲಿ ಹೇಳುವಂಥದಲ್ಲ. ಚಪ್ಪರದ ಎರಡು ಕಂಬಗಳ ನಡುವೆ, ಭುಜಮಟ್ಟದಲ್ಲಿ, ಬಲೆ ಹರವಲು ಒಂದು ಹಗ್ಗ ಕಟ್ಟಿತ್ತು. ಎದ್ದು ಅದರ ಗಂಟು ಸ್ವಲ್ಪ ಬಿಚ್ಚಿ ಬಿಟ್ಟೆ. ಅವನೂ ಎದ್ದು ಬಂದ. ಬಲಗೈ ಅಷ್ಟು ಮೇಲೆ ಬರಲಿಲ್ಲ, ಎಡಗೈ ಕೊಟ್ಟ. ಆ ಕೈಯನ್ನು ಹಗ್ಗದ ನಡುವೆ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟು ಒತ್ತಿದೆ. ಹಗ್ಗ ಒಂದು ಗೇಣು ತಗ್ಗಿತು. ಅವನು ಎಷ್ಟು ತಗ್ಗಿತೆಂದು ಬಗ್ಗಿ ನೋಡಿದ.

“ಇಷ್ಟೇಯಾ?”

“ಇಷ್ಟೇ” ಎಂದೆ.